ಜೆರಾಕ್ಸ್ ಯಂತ್ರದ ಬೆಲೆಗೆ ಹೋದ ಶೂಟರ್: ಕೈಲ್ ಕೋರ್ವರ್ ಅವರನ್ನು ನಾವು ಅಳೆಯಬೇಕಾದದ್ದು ಹೇಗೆ?

ಹೊರಗೆರೆ:

2003ರ ಎನ್‌ಬಿಎ ಡ್ರಾಫ್ಟ್ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ರಾತ್ರಿ) ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಲೆಬ್ರಾನ್ ಜೇಮ್ಸ್, ಕಾರ್ಮೆಲೊ ಆಂಥನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಇವರ ಹೆಸರುಗಳೇ ನೆನಪಾಗುತ್ತವೆ. ಅದೇ ರಾತ್ರಿ 51ನೆಯ ಸರದಿಯಲ್ಲಿ ನ್ಯೂಜೆರ್ಸಿ ನೆಟ್ಸ್ ತಂಡವು ಕ್ರೈಟನ್ ವಿಶ್ವವಿದ್ಯಾಲಯದ ಒಬ್ಬ ಹುಡುಗನನ್ನು ಆರಿಸಿ, ಅವನ ಹಕ್ಕನ್ನು 1,25,000 ಡಾಲರ್‌ಗೆ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡಕ್ಕೆ ಮಾರಿಬಿಟ್ಟಿತು. ಆ ಹಣದಲ್ಲಿ ನೆಟ್ಸ್‌ನವರು ತಮ್ಮ ಬೇಸಿಗೆ ಲೀಗ್ ತಂಡದ ಖರ್ಚನ್ನು ತೂಗಿಸಿಕೊಂಡರು, ಉಳಿದ ಹಣದಲ್ಲಿ ಕಚೇರಿಗೆ ಒಂದು ಜೆರಾಕ್ಸ್ ಯಂತ್ರವನ್ನು ಕೊಂಡರು. ಮಾರಾಟವಾದ ಹುಡುಗ ಕೈಲ್ ಕೋರ್ವರ್ ಅಲ್ಲಿಂದ ಮುಂದೆ 17 ಋತುಗಳನ್ನು ಆಡಿದರು, 1,232 ಪಂದ್ಯಗಳಲ್ಲಿ 2,450 ಥ್ರೀ ಪಾಯಿಂಟರ್‌ಗಳನ್ನು (ದೂರದ ಗೆರೆಯಾಚೆಯಿಂದ ಹಾಕುವ, ಮೂರು ಅಂಕದ ಚೆಂಡುಗಳನ್ನು) ಹಾಕಿದರು. ಅವರು ಆಟ ನಿಲ್ಲಿಸಿದಾಗ ಆ ಲೆಕ್ಕದಲ್ಲಿ ಅವರಿಗಿಂತ ಮುಂದೆ ಇದ್ದವರು ರೇ ಆಲೆನ್, ರೆಜಿ ಮಿಲ್ಲರ್ ಮತ್ತು ಸ್ಟೀಫನ್ ಕರ್ರಿ, ಈ ಮೂವರು ಮಾತ್ರ.

ಕಳೆದ ವಾರ ನಮ್ಮ ಕ್ಲಬ್ಬಿನಲ್ಲಿ ಹಿರಿಯರೊಬ್ಬರು ಇವರ ವಿಷಯ ಬಂದಾಗ, "ಅವನು ಬರೀ ಶೂಟರ್ ಕಣಯ್ಯಾ, ಬೇರೇನು ಮಾಡಿದ?" ಎಂದು ಕೇಳಿದರು. ಆ "ಬರೀ" ಎಂಬ ಮಾತು ನನ್ನನ್ನು ಕಾಡುತ್ತಿದೆ. ಊಟದೆಲೆಯ ತುದಿಗೆ ಬಡಿಸುವ ಉಪ್ಪಿನಕಾಯಿಯಂತೆ ಶೂಟರ್‌ನನ್ನು ಕಾಣುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕೋರ್ವರ್ ಅವರ ಕಾಲೇಜು ಮತ್ತು ವೃತ್ತಿಜೀವನ ಎರಡನ್ನೂ ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸೋಣವೇ? ಅವರನ್ನು ದೊಡ್ಡ ಆಟಗಾರರ ಸಾಲಿನಲ್ಲಿ ಕೂರಿಸಬೇಕೆಂಬ ಹಟ ನನಗಿಲ್ಲ. ಪ್ರತಿ ಪಂದ್ಯಕ್ಕೆ ಸರಾಸರಿ 9.7 ಅಂಕ ಗಳಿಸಿದ ಆಟಗಾರನೊಬ್ಬ ಒಂದು ತಂಡದ ಆಟದ ಆಕಾರವನ್ನೇ ಬದಲಿಸಬಲ್ಲನೇ ಎಂಬುದಷ್ಟೇ ನನ್ನ ಪ್ರಶ್ನೆ.

ಹಳೇ ಗಾರ್ಡ್:

ಪ್ರಶ್ನೆ ಒಳ್ಳೆಯದು. ಆದರೆ ಕಾಲೇಜಿನಿಂದಲೇ ಶುರುಮಾಡಬೇಕು, ಏಕೆಂದರೆ ಅವರನ್ನು ಕೊಳ್ಳುವವರು ಏಕೆ ಹಿಂಜರಿದರು ಎಂಬುದಕ್ಕೆ ಉತ್ತರ ಅಲ್ಲಿದೆ.

ಕೋರ್ವರ್ ಹುಟ್ಟಿದ್ದು 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಹೈಸ್ಕೂಲು ಓದಿದ್ದು ಅಯೋವಾ ರಾಜ್ಯದ ಪೆಲ್ಲಾ ಎಂಬ, ಡಚ್ ವಲಸಿಗರು ಕಟ್ಟಿದ ಸಣ್ಣ ಊರಿನಲ್ಲಿ. ತಂದೆ ಪಾದ್ರಿ, ತಾಯಿ ತಮ್ಮ ಹೈಸ್ಕೂಲು ದಿನಗಳಲ್ಲಿ ಒಂದೇ ಪಂದ್ಯದಲ್ಲಿ 74 ಅಂಕ ಗಳಿಸಿದ್ದವರು. ನಾಲ್ವರು ಅಣ್ಣತಮ್ಮಂದಿರೂ ಕಾಲೇಜು ಮಟ್ಟದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರೇ. ಹಿರಿಯವನಾದ ಕೈಲ್ ಸೇರಿದ್ದು ನೆಬ್ರಾಸ್ಕಾದ ಒಮಾಹಾ ನಗರದ ಕ್ರೈಟನ್‌ಗೆ. ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಂತೆ ಅದೂ ಜೆಸ್ಯೂಟರ ಸಂಸ್ಥೆ. ಆಗ ಅದು ಆಡುತ್ತಿದ್ದುದು ಮಿಸೌರಿ ವ್ಯಾಲಿ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಗುಂಪಿನಲ್ಲಿ. ಡ್ಯೂಕ್, ಕೆಂಟಕಿಗಳಂಥ ಹೆಸರಿನ ಭಾರ ಆ ಕಾನ್ಫರೆನ್ಸಿಗೆ ಇರಲಿಲ್ಲ.

ಕೋಚ್ ಡಾನಾ ಆಲ್ಟ್‌ಮನ್ ಕೈಕೆಳಗೆ 1999ರಿಂದ 2003ರವರೆಗಿನ ನಾಲ್ಕೂ ವರ್ಷ ತಂಡ ಎನ್‌ಸಿಎಎ ಟೂರ್ನಿಗೆ, ಅಂದರೆ ಕಾಲೇಜುಗಳ ರಾಷ್ಟ್ರೀಯ ಟೂರ್ನಿಗೆ, ಅರ್ಹತೆ ಪಡೆಯಿತು. 2002 ಮತ್ತು 2003ರಲ್ಲಿ ಸತತವಾಗಿ ಎರಡು ಸಲ ಕೋರ್ವರ್ ತಮ್ಮ ಕಾನ್ಫರೆನ್ಸಿನ ವರ್ಷದ ಆಟಗಾರರಾದರು. ಕಾಲೇಜಿನಲ್ಲಿ ಹಾಕಿದ ಒಟ್ಟು ಥ್ರೀಗಳು 371. ಕೊನೆಯ ವರ್ಷವೊಂದರಲ್ಲೇ 129. ಆ ವರ್ಷ ತಂಡ 29 ಗೆದ್ದು 5 ಸೋತಿತ್ತು, ಆ ಐದರಲ್ಲಿ ಒಂದು ಮಾತ್ರ ನೋಯಿಸುವಂಥದ್ದು: ಟೂರ್ನಿಯ ಮೊದಲ ಸುತ್ತಿನಲ್ಲೇ ಸೆಂಟ್ರಲ್ ಮಿಷಿಗನ್ ಎದುರು ಮನೆಗೆ ಹೋಯಿತು. ಎದುರಾಳಿ ತಂಡದ ಸೆಂಟರ್ ಕ್ರಿಸ್ ಕೇಮನ್ ಮೂರು ತಿಂಗಳ ನಂತರ ಅದೇ ಡ್ರಾಫ್ಟಿನಲ್ಲಿ 6ನೆಯವನಾಗಿ ಹೋದ. ನಮ್ಮ ಶೂಟರ್ 51ನೆಯವನಾದ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಮರೆಯಬಾರದು. ಅಂದಿನ ಕಾಲೇಜು ಅಂಗಣದ ಥ್ರೀ ಪಾಯಿಂಟ್ ಗೆರೆ ರಿಂಗ್‌ನಿಂದ 19 ಅಡಿ 9 ಅಂಗುಲ, ಎಂದರೆ ಸುಮಾರು 6.02 ಮೀಟರ್ ದೂರದಲ್ಲಿತ್ತು. ಎನ್‌ಬಿಎ ಗೆರೆ ನೇರದಲ್ಲಿ 23 ಅಡಿ 9 ಅಂಗುಲ, ಅಂದರೆ 7.24 ಮೀಟರ್, ಮೂಲೆಗಳಲ್ಲಿ ಮಾತ್ರ 22 ಅಡಿ. ಹೀಗಿರುವಾಗ ಕಾಲೇಜಿನಲ್ಲಿ ಶೇಕಡಾ 45ಕ್ಕೂ ಹೆಚ್ಚು ಥ್ರೀ ಹಾಕಿದ ಹುಡುಗ ನಾಲ್ಕು ಅಡಿ ಹಿಂದೆ ಸರಿದು ನಿಂತಾಗ ಏನಾಗುತ್ತಾನೆಂದು ಹೇಳುವುದು ಕಷ್ಟ. ಅದರ ಮೇಲೆ, ಅವನು ವೇಗದ ಗಾರ್ಡ್‌ಗಳನ್ನು ಹಿಡಿದು ನಿಲ್ಲಿಸಲಾರ, ಚೆಂಡನ್ನು ತಾನೇ ಡ್ರಿಬಲ್ ಮಾಡುತ್ತಾ ಒಳನುಗ್ಗಲಾರ ಎಂಬ ಅನುಮಾನ ಬೇರೆ. ಆ ಕಾಲದ ಲೆಕ್ಕಾಚಾರ ತಪ್ಪೆಂದು ಇಂದು ಹೇಳುವುದು ಸುಲಭ. ಅಂದು ನಾನೇ ಆ ಕುರ್ಚಿಯಲ್ಲಿ ಕುಳಿತಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ.

ಪಿವಟ್ ಕಾಲು:

51ನೆಯ ಸರದಿಯ ಬಗ್ಗೆ ಒಂದು ಮಾತು. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ಮ್ಯಾವರಿಕ್ಸ್ ತಂಡ ಆರಿಸಿದ್ದು 52ನೆಯ ಸರದಿಯಲ್ಲಿ. ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ, ಭಾರತದಲ್ಲಿ ಹುಟ್ಟಿದ ಮೊದಲ ಆಟಗಾರ ಅವರು ಎಂದು ನಾವೆಲ್ಲ ಸಂಭ್ರಮಿಸಿದೆವು. ಆದರೆ ಅವರಿಗೆ ಒಂದೇ ಒಂದು ಎನ್‌ಬಿಎ ಪಂದ್ಯ ಆಡುವ ಅವಕಾಶವೂ ಸಿಗಲಿಲ್ಲ. ಡ್ರಾಫ್ಟಿನ ಆ ತುದಿಯಲ್ಲಿ ನಿಂತವರ ಪಾಡು ಸಾಮಾನ್ಯವಾಗಿ ಹಾಗೆಯೇ. ಹಾಗಾಗಿ 17 ಋತು ಎಂಬ ಸಂಖ್ಯೆಯನ್ನು ಅಲ್ಲಿಂದ ನೋಡಬೇಕು ಎಂಬುದು ನನ್ನ ಕೋರಿಕೆ.

ಒಳಾಂಗಣ:

ಭಾವುಕತೆಯನ್ನು ಸ್ವಲ್ಪ ಪಕ್ಕಕ್ಕಿಡೋಣ. ದೀರ್ಘಕಾಲ ಆಡುವುದು ಬೇರೆ, ದೊಡ್ಡ ಆಟ ಆಡುವುದು ಬೇರೆ. ಕೋರ್ವರ್ ಅವರ ಪಟ್ಟಿ ನೋಡಿ: ಫಿಲಡೆಲ್ಫಿಯಾ, ಯೂಟಾ, ಶಿಕಾಗೊ, ಅಟ್ಲಾಂಟಾ, ಕ್ಲೀವ್‌ಲ್ಯಾಂಡ್, ಮತ್ತೆ ಯೂಟಾ, ಕೊನೆಗೆ ಮಿಲ್ವಾಕಿ. ಯಾವ ತಂಡವೂ ಅವರನ್ನು ತನ್ನ ಬುನಾದಿ ಎಂದು ಭಾವಿಸಲಿಲ್ಲ. 2012ರಲ್ಲಿ ಶಿಕಾಗೊ ಬುಲ್ಸ್ ಅವರನ್ನು ಅಟ್ಲಾಂಟಾ ಹಾಕ್ಸ್‌ಗೆ ಕಳುಹಿಸಿದಾಗ ಪ್ರತಿಯಾಗಿ ಒಬ್ಬ ಆಟಗಾರನನ್ನೂ ಪಡೆಯಲಿಲ್ಲ, ಆಗಲೂ ಹಣಕ್ಕೇ ಹೋದರು! ಚಾಂಪಿಯನ್‌ಷಿಪ್ ಉಂಗುರ ಒಂದೂ ಇಲ್ಲ. 2017ರ ಫೈನಲ್ಸ್‌ನ ಮೂರನೆಯ ಪಂದ್ಯವನ್ನು ನಾನು ಬೆಳಿಗ್ಗೆ ಕಚೇರಿಗೆ ತಡಮಾಡಿಕೊಂಡು ನೋಡಿದವನು. ಕ್ಲೀವ್‌ಲ್ಯಾಂಡ್ 113–111ರಿಂದ ಮುಂದಿತ್ತು, ಒಂದು ನಿಮಿಷಕ್ಕಿಂತ ಕಡಿಮೆ ಸಮಯ ಉಳಿದಿತ್ತು, ಲೆಬ್ರಾನ್ ಕೊಟ್ಟ ಪಾಸ್ ಮೂಲೆಯಲ್ಲಿ ನಿಂತ ಕೋರ್ವರ್ ಕೈಸೇರಿತು. ಹೋಗಲಿಲ್ಲ. ಮರುಕ್ಷಣ ಕೆವಿನ್ ಡುರಾಂಟ್ ಆ ಕಡೆ ಥ್ರೀ ಹಾಕಿದರು, ಗೋಲ್ಡನ್ ಸ್ಟೇಟ್ 118–113ರಿಂದ ಗೆದ್ದಿತು. ಶೂಟರ್ ಎಂದು ಒಬ್ಬನನ್ನು ಕರೆದುಕೊಂಡು ಬರುವುದೇ ಆ ಒಂದು ಚೆಂಡಿಗಾಗಿ ಅಲ್ಲವೇ?

ಅಂಕಪಟ್ಟಿ:

ಒಳಾಂಗಣ ಅವರೇ, ಆ ಚೆಂಡು ಹೋಗಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಕ್ಷಣದಲ್ಲಿ ಲೆಬ್ರಾನ್ ತಾವೇ ಶೂಟ್ ಮಾಡದೆ ಪಾಸ್ ಏಕೆ ಕೊಟ್ಟರು? ಆ 2016–17ರ ಋತುವಿನಲ್ಲಿ ಥ್ರೀ ಪಾಯಿಂಟ್ ಶೇಕಡಾವಾರಿನಲ್ಲಿ ಇಡೀ ಲೀಗಿಗೆ ಮೊದಲಿಗರಾಗಿದ್ದವರು ಕೋರ್ವರ್, ಶೇಕಡಾ 45.1. ಹಾಗೆ ಅವರು ಲೀಗಿನಲ್ಲಿ ಮೊದಲಿಗರಾದದ್ದು ಒಟ್ಟು ನಾಲ್ಕು ಸಲ: 2010, 2014, 2015 ಮತ್ತು 2017. ಆ ಎತ್ತರದಲ್ಲಿರುವ ಶೂಟರ್ ಕೂಡ ಎರಡು ಚೆಂಡಿಗೆ ಒಂದನ್ನು ಕಳೆದುಕೊಳ್ಳುತ್ತಾನೆ. ಒಂದು ಎಸೆತದಿಂದ ಪಾಸ್‌ನ ಸರಿತಪ್ಪನ್ನು ನಿರ್ಣಯಿಸಿದರೆ ನಾವು ನಾಣ್ಯ ಚಿಮ್ಮಿ ತೀರ್ಪು ಕೊಟ್ಟಂತಾಗುತ್ತದೆ.

ಈಗ ಮುಖ್ಯ ವಿಷಯ. 2009–10ರಲ್ಲಿ ಯೂಟಾ ಜಾಝ್ ಪರವಾಗಿ ಅವರು 110 ಥ್ರೀಗಳನ್ನು ಎಸೆದು 59 ಹಾಕಿದರು, ಶೇಕಡಾ 53.6. ಒಂದು ಋತುವಿನ ಥ್ರೀ ಶೇಕಡಾವಾರಿನಲ್ಲಿ ಅದು ದಾಖಲೆ. ಅದಕ್ಕೆ ಮುಂಚೆ ದಾಖಲೆ ಇದ್ದದ್ದು ಸ್ಟೀವ್ ಕೆರ್ ಹೆಸರಿನಲ್ಲಿ, 1994–95ರಲ್ಲಿ ಶೇಕಡಾ 52.4. ಕೋರ್ವರ್ ದಾಖಲೆಯ ಮಹತ್ವವನ್ನು ನಾನು ಉಬ್ಬಿಸುವುದಿಲ್ಲ: ಗಾಯದ ಕಾರಣ ಆ ವರ್ಷ ಅವರು ಆಡಿದ್ದೇ ಕಡಿಮೆ, ಎಸೆತಗಳ ಸಂಖ್ಯೆಯೂ ಸಣ್ಣದು. ನನ್ನ ಮಟ್ಟಿಗೆ ಅವರ ನಿಜವಾದ ವರ್ಷ 2014–15. ಆಗ ಅಟ್ಲಾಂಟಾದಲ್ಲಿ 449 ಥ್ರೀ ಎಸೆದು 221 ಹಾಕಿದರು, ಶೇಕಡಾ 49.2. ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಅಡ್ಡಿಯಿಲ್ಲದ ಎಸೆತ) ಶೇಕಡಾ 89.8, ಒಟ್ಟು ಶೂಟಿಂಗ್ ಶೇಕಡಾ 48.7. ಶೂಟಿಂಗ್‌ನಲ್ಲಿ 50, ಥ್ರೀಗಳಲ್ಲಿ 50, ಫ್ರೀ ಥ್ರೋದಲ್ಲಿ 90 ಎಂಬ ಮೂರು ಮೆಟ್ಟಿಲನ್ನು ಒಂದೇ ಋತುವಿನಲ್ಲಿ ಹತ್ತುವ ಮಾತು ಆ ವರ್ಷ ಎಲ್ಲರ ಬಾಯಲ್ಲಿತ್ತು, ಕೂದಲೆಳೆಯಲ್ಲಿ ತಪ್ಪಿತು.

ಶೇಕಡಾ 49.2 ಎಂದರೇನೆಂದು ಹೀಗೆ ಯೋಚಿಸಿ. ಥ್ರೀಗೆ ಮೂರು ಅಂಕ. ಅದೇ ಅಂಕಗಳನ್ನು ಎರಡರ ಲೆಕ್ಕದಲ್ಲಿ ಗಳಿಸಬೇಕಾದರೆ ಶೇಕಡಾ 73.8ರಷ್ಟು ಚೆಂಡುಗಳನ್ನು ಹಾಕಬೇಕು. ರಿಂಗ್ ಕೆಳಗೆ ನಿಂತು ಡಂಕ್ ಮಾಡುವ ಏಳಡಿಯ ಸೆಂಟರ್‌ಗೆ ಮಾತ್ರ ಅಂಥ ಸಂಖ್ಯೆ ದಕ್ಕೀತು. 7.24 ಮೀಟರ್ ದೂರದಿಂದ ಒಬ್ಬ ಮನುಷ್ಯ ಡಂಕ್‌ಗೆ ಸಮನಾದ ಲಾಭ ತರುತ್ತಿದ್ದನೆಂದರೆ ಅವನನ್ನು "ಬರೀ" ಎನ್ನುವುದು ನನಗೆ ಕಷ್ಟ.

ಮೊದಲ ಸಾಲಿನ ಪ್ರೇಕ್ಷಕ:

ನಾನು ಈ ಆಟಕ್ಕೆ ಹೊಸಬ. ನನ್ನ ಮಗಳು ಶಾಲೆಯ ತಂಡದಲ್ಲಿ ಆಡುತ್ತಾಳೆ, ಆ ಕಾರಣದಿಂದ ನೋಡಲು ಶುರುಮಾಡಿದವನು. ಪಂದ್ಯಕ್ಕೆ ಆರೋ ಏಳೋ ಚೆಂಡು ಎಸೆಯುವ ಆಟಗಾರ ಉಳಿದ ಹೊತ್ತಿನಲ್ಲಿ ಏನು ಮಾಡುತ್ತಾನೆ? ಅವನು ತಂಡದ ಆಟದ ಆಕಾರ ಬದಲಿಸುತ್ತಾನೆಂದರೆ ಅದು ಹೇಗೆ? ದಯವಿಟ್ಟು ತಿಳಿದವರು ವಿವರಿಸಬೇಕು.

ಹಳೇ ಗಾರ್ಡ್:

ಸರ್, ಇದೇ ಈ ಚರ್ಚೆಯ ಹೃದಯ. ತುಸು ವಿಸ್ತಾರವಾಗಿ ಹೇಳುತ್ತೇನೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಿಫೆನ್ಸ್ ಎಂದರೆ ಐವರು ಸೇರಿ ಒಂದು ಸಣ್ಣ ಜಾಗವನ್ನು ಮುಚ್ಚುವ ಕೆಲಸ. ನಿಮ್ಮ ಆಟಗಾರ ಚೆಂಡು ಹಿಡಿದು ರಿಂಗ್ ಕಡೆಗೆ ನುಗ್ಗಿದಾಗ, ಅವನನ್ನು ಕಾಯುತ್ತಿರುವವನ ಜೊತೆಗೆ ಅಕ್ಕಪಕ್ಕದವರೂ ಒಂದೆರಡು ಹೆಜ್ಜೆ ಒಳಗೆ ಸರಿದು ದಾರಿ ಮುಚ್ಚುತ್ತಾರೆ. ಅದಕ್ಕೆ ಹೆಲ್ಪ್ ಎನ್ನುತ್ತೇವೆ. ಆದರೆ ಕೋರ್ವರ್‌ರಂಥವರು ಹೊರಗೆರೆಯಲ್ಲಿ ನಿಂತಿದ್ದರೆ ಅವರನ್ನು ಕಾಯುವವನು ಆ ಎರಡು ಹೆಜ್ಜೆ ಇಡಲಾರ. ಅವನು ಸರಿದ ಅರ್ಧ ಸೆಕೆಂಡಿನಲ್ಲಿ ಚೆಂಡು ಕೋರ್ವರ್ ಕೈಗೆ ಬಂದು, ಕೈಯಿಂದ ಹೋಗಿಯೂ ಇರುತ್ತದೆ. ಆದ್ದರಿಂದ ಅವನು ಅಂಟಿಕೊಂಡೇ ಇರುತ್ತಾನೆ, ಉಳಿದ ನಾಲ್ವರು ನಾಲ್ವರ ಮೇಲೆ ಆಡಬೇಕಾಗುತ್ತದೆ. ಐವರಲ್ಲಿ ಒಬ್ಬ ಕಡಿಮೆಯಾದ ಡಿಫೆನ್ಸಿನಲ್ಲಿ ಎಷ್ಟು ಜಾಗ ತೆರೆಯುತ್ತದೆಂಬುದನ್ನು ನಿಮ್ಮ ಮಗಳನ್ನೇ ಕೇಳಿ, ಅವಳು ಹೇಳುತ್ತಾಳೆ.

ಇದನ್ನು ಅಮೆರಿಕದಲ್ಲಿ ಗ್ರಾವಿಟಿ ಎನ್ನುತ್ತಾರೆ, ನಾವು ಸೆಳೆತ ಎನ್ನಬಹುದು. 2013–14ರಿಂದ ಎನ್‌ಬಿಎಯ ಎಲ್ಲ ಅಂಗಣಗಳ ಛಾವಣಿಯಲ್ಲಿ ಆಟಗಾರರ ಚಲನೆಯನ್ನು ಅಳೆಯುವ ಕ್ಯಾಮೆರಾಗಳು ಬಂದವು. ಚೆಂಡು ಕೈಯಲ್ಲಿಲ್ಲದಾಗಲೂ ಯಾರ ಹತ್ತಿರ ಡಿಫೆಂಡರ್ ಎಷ್ಟು ಅಂಟಿಕೊಂಡಿರುತ್ತಾನೆ ಎಂದು ಅವುಗಳಿಂದ ಲೆಕ್ಕ ಹಾಕಿದಾಗ ಮುಂಚೂಣಿಯಲ್ಲಿ ಕಾಣಿಸಿದ ಹೆಸರುಗಳಲ್ಲಿ ಕೋರ್ವರ್ ಒಬ್ಬರು.

ಅವರು ನಿಂತಲ್ಲೇ ನಿಲ್ಲುತ್ತಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಬೇಸ್‌ಲೈನ್‌ನಿಂದ ಶುರುಮಾಡಿ ಒಂದು ಸ್ಕ್ರೀನಿನ (ಡಿಫೆಂಡರ್‌ಗೆ ಅಡ್ಡವಾಗಿ ನಿಂತ ಸಹ ಆಟಗಾರನ) ಬೆನ್ನು ಸವರಿಕೊಂಡು ಮೇಲೆ ಬರುವುದು, ಡಿಫೆಂಡರ್ ಹಿಂದಿನಿಂದ ಬೆನ್ನಟ್ಟಿದರೆ ಸುರುಳಿ ಸುತ್ತಿ ಒಳಗೆ ಹೋಗುವುದು, ಅವನು ಅಡ್ಡದಾರಿ ಹಿಡಿದರೆ ಥಟ್ಟನೆ ಹಿಂದಕ್ಕೆ ಸರಿದು ಮೂಲೆ ಸೇರುವುದು. ಪ್ರತಿ ಸಲವೂ ಎದುರಾಳಿಯ ಹೆಗಲನ್ನು ಓದಿ ತೀರ್ಮಾನಿಸಬೇಕು. ಓಡುತ್ತ ಬಂದವನು ಚೆಂಡು ಮುಟ್ಟುವ ಹೊತ್ತಿಗೆ ಎರಡೂ ಪಾದ ರಿಂಗ್ ಕಡೆ ತಿರುಗಿರಬೇಕು. ಕೋರ್ವರ್ ತಮ್ಮ ಶೂಟಿಂಗ್‌ಗಾಗಿ 20 ಅಂಶಗಳ ಒಂದು ಪಟ್ಟಿ ಇಟ್ಟುಕೊಂಡಿದ್ದರು: ಪಾದಗಳ ಅಂತರ, ಮೊಣಕೈಯ ನೇರ, ನೆಗೆದು ಇಳಿಯುವ ಜಾಗ, ಹೀಗೆ. ಚೆಂಡುಗಳು ಹೋಗದ ದಿನ ಆ ಪಟ್ಟಿಯಲ್ಲಿ ಯಾವುದು ತಪ್ಪಿದೆಯೆಂದು ಹುಡುಕುತ್ತಿದ್ದರಂತೆ. ಮೋಟರ್ ಮೆಕ್ಯಾನಿಕ್ ಒಬ್ಬ ಇಂಜಿನ್ ಸದ್ದು ಕೇಳಿ ದೋಷ ಹುಡುಕುವ ಹಾಗೆ ಅದು.

ಪಿವಟ್ ಕಾಲು:

ಸಮುದ್ರದ ಕಥೆಯನ್ನು ಯಾರೂ ಎತ್ತಲಿಲ್ಲವಲ್ಲ! 2014ರ ಬೇಸಿಗೆಯಲ್ಲಿ ಕೋರ್ವರ್ ಮತ್ತು ಸ್ನೇಹಿತರು ಸುಮಾರು 85 ಪೌಂಡ್ ತೂಕದ ಬಂಡೆಯೊಂದನ್ನು ಸರದಿಯ ಮೇಲೆ ಹೊತ್ತು ಸಾಂತಾ ಬಾರ್ಬರಾದ ಕಡಲಿನ ತಳದಲ್ಲಿ ಐದು ಕಿಲೋಮೀಟರ್ ದೂರ ಸಾಗಿದರು. ಉಸಿರು ಹಿಡಿದಷ್ಟು ಹೊತ್ತು ಒಬ್ಬ ನಡೆಯುವುದು, ಅವನು ಮೇಲೆ ಬಂದಾಗ ಇನ್ನೊಬ್ಬ ಮುಳುಗುವುದು. ಅದರ ಮುಂದಿನ ಋತುವೇ ಅಂಕಪಟ್ಟಿಯವರು ಹೇಳಿದ ಶೇಕಡಾ 49.2.

ಅಂಕಪಟ್ಟಿ:

ಬಂಡೆ ಹೊತ್ತದ್ದು ನಿಜ, ಆದರೆ ಬಂಡೆಯಿಂದ ಶೇಕಡಾವಾರು ಏರಿತು ಎನ್ನುವುದಕ್ಕೆ ನಾನು ಸಹಿ ಹಾಕಲಾರೆ. ಅದಕ್ಕಿಂತ ಮೊದಲಿನ ವರ್ಷ, 2013–14ರಲ್ಲಿ, ಅವರು ಹಾಕಿದ್ದು ಶೇಕಡಾ 47.2. ಏರಿಕೆಯ ದೊಡ್ಡ ಪಾಲು ಸ್ಯಾನ್ ಆಂಟೋನಿಯೋ ಸ್ಪರ್ಸ್‌ನಿಂದ 2013ರಲ್ಲಿ ಬಂದ ಕೋಚ್ ಮೈಕ್ ಬೂಡನ್‌ಹೋಲ್ಜರ್ ಅವರ ಪದ್ಧತಿಗೆ ಸಲ್ಲಬೇಕು.

ಇನ್ನೊಂದು ಅಂಕಿ. 2012ರ ನವೆಂಬರ್‌ನಿಂದ 2014ರ ಮಾರ್ಚ್‌ವರೆಗೆ ಸತತ 127 ಪಂದ್ಯಗಳಲ್ಲಿ ಅವರು ಕನಿಷ್ಠ ಒಂದು ಥ್ರೀಯನ್ನಾದರೂ ಹಾಕಿದರು. ಹಿಂದಿನ ದಾಖಲೆ ಡಾನಾ ಬಾರೋಸ್ ಅವರದು, 89. ಪೋರ್ಟ್‌ಲ್ಯಾಂಡಿನಲ್ಲಿ ಸರಣಿ ಕಡಿಯಿತು. ಆ 127ರ ದಾಖಲೆಯನ್ನು ಮುರಿದವರು ಕರ್ರಿ, 2016ರ ಫೆಬ್ರುವರಿಯಲ್ಲಿ ಒಕ್ಲಹೋಮಾ ಸಿಟಿ ಎದುರು, ಕೊನೆಯ ಕ್ಷಣದಲ್ಲಿ ಅಂಗಣದ ನಡುವಿನಿಂದಲೇ ಎನ್ನುವಷ್ಟು ದೂರದಿಂದ ಎಸೆದು ಗೆಲ್ಲಿಸಿದ ಅದೇ ಪಂದ್ಯದಲ್ಲಿ.

ಒಳಾಂಗಣ:

ಪದ್ಧತಿಗೆ ಸಲ್ಲಬೇಕು ಎಂದು ತಾವೇ ಹೇಳಿದಿರಿ. ನನ್ನ ವಾದವೂ ಅದೇ. ಕರ್ರಿ ತಾನೇ ಡ್ರಿಬಲ್ ಮಾಡಿ ತಾನೇ ಜಾಗ ಮಾಡಿಕೊಂಡು ಎಸೆಯುತ್ತಾರೆ. ಕೋರ್ವರ್‌ಗೆ ಸ್ಕ್ರೀನ್ ಕೊಡುವವನೊಬ್ಬ, ಪಾಸ್ ಕೊಡುವವನೊಬ್ಬ, ಪದ್ಧತಿ ಕಟ್ಟುವ ಕೋಚ್ ಒಬ್ಬ ಬೇಕು.

ಹೊರಗೆರೆ:

ಬೇಕು, ಒಪ್ಪುತ್ತೇನೆ. ಆದರೆ ಅವಲಂಬನೆ ಒಂದೇ ಕಡೆಯದಲ್ಲ. ಆ 2014–15ರ ಹಾಕ್ಸ್ ತಂಡವನ್ನೇ ನೋಡಿ: ಜೆಫ್ ಟೀಗ್, ಕೋರ್ವರ್, ಡಿಮಾರ್ ಕ್ಯಾರಲ್, ಪಾಲ್ ಮಿಲ್‌ಸ್ಯಾಪ್, ಆಲ್ ಹಾರ್ಫರ್ಡ್. ಲೆಬ್ರಾನ್ ಅಥವಾ ಡುರಾಂಟ್‌ರಂಥ ಮಹಾತಾರೆ ಒಬ್ಬನೂ ಇಲ್ಲದ ತಂಡ. ಜನವರಿಯಲ್ಲಿ ಆಡಿದ 17ರಲ್ಲಿ 17 ಗೆದ್ದಿತು, ಋತುವಿನಲ್ಲಿ 60 ಗೆದ್ದು 22 ಸೋತಿತು. ಆ ತಿಂಗಳ ಪೂರ್ವ ಕಾನ್ಫರೆನ್ಸಿನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಲೀಗ್ ಐವರಿಗೂ ಸೇರಿಸಿ ಕೊಟ್ಟಿತು. ಯಾರಿಂದ ಯಾರು ಎಂದು ಬೇರ್ಪಡಿಸಲಾಗದೆ ಕೊಟ್ಟ ಪ್ರಶಸ್ತಿ ಎಂದೇ ನಾನು ಅದನ್ನು ಓದುತ್ತೇನೆ. ಅದೇ ಫೆಬ್ರುವರಿಯಲ್ಲಿ ಗಾಯಗೊಂಡ ಡ್ವೇನ್ ವೇಡ್ ಅವರ ಜಾಗದಲ್ಲಿ ಕೋರ್ವರ್ 33ನೆಯ ವಯಸ್ಸಿಗೆ ಮೊದಲ ಸಲ, ಒಂದೇ ಸಲ, ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಡ್ರಾಫ್ಟಿನ 5ನೆಯವನ ಜಾಗಕ್ಕೆ ಅದೇ ಡ್ರಾಫ್ಟಿನ 51ನೆಯವನು.

ಪ್ಲೇಆಫ್‌ನಲ್ಲಿ ಏನಾಯಿತೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅವರ ಶೂಟಿಂಗ್ ಇಳಿಯಿತು. ಎದುರಾಳಿಗಳು ಏಳು ಪಂದ್ಯಗಳ ಸರಣಿಗಾಗಿ ತಯಾರಾದಾಗ ಒಂದೇ ಅಸ್ತ್ರ ಇರುವವನನ್ನು ಕಟ್ಟಿಹಾಕುವುದು ಸುಲಭವಾಗುತ್ತದೆ. ಇದು ನಿಮ್ಮ ವಾದದ ಗಟ್ಟಿ ಭಾಗ. ಕ್ಲೀವ್‌ಲ್ಯಾಂಡ್ ಎದುರಿನ ಕಾನ್ಫರೆನ್ಸ್ ಫೈನಲ್‌ನ ಎರಡನೆಯ ಪಂದ್ಯದಲ್ಲಿ ಸಡಿಲ ಚೆಂಡಿಗಾಗಿ ಬಿದ್ದಾಗ ಎದುರಾಳಿ ಮ್ಯಾಥ್ಯೂ ಡೆಲ್ಲವಡೋವಾ ಕೋರ್ವರ್ ಕಾಲಿನ ಮೇಲೆ ಉರುಳಿದರು, ಪಾದದ ಕೀಲು ಕೆಟ್ಟಿತು, ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಹಾಕ್ಸ್ ನಾಲ್ಕಕ್ಕೆ ನಾಲ್ಕೂ ಸೋತಿತು.

ಒಳಾಂಗಣ:

ಸರಿ, "ಬರೀ" ಎಂಬ ಪದವನ್ನು ನಾನೂ ಕೈಬಿಡುತ್ತೇನೆ. ಆದರೆ ಸರಣಿ ಬಿಗಿಯಾದಾಗ ಅವರ ಸೆಳೆತ ಸಡಿಲವಾಯಿತು ಎಂಬ ಮಾತನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ.

ಹಳೇ ಗಾರ್ಡ್:

ಉಳಿಸಿಕೊಳ್ಳಿ, ಅದು ನ್ಯಾಯವಾದದ್ದು. ನಾನು ಮಾತ್ರ ಮೊದಲ ದಿನಗಳ ಒಂದು ಸಂಗತಿಯನ್ನು ಸೇರಿಸುತ್ತೇನೆ, ಯಾಕೆಂದರೆ ಎಲ್ಲರೂ ನೇರ ಅಟ್ಲಾಂಟಾಕ್ಕೆ ಹಾರಿಬಿಟ್ಟರು. ಫಿಲಡೆಲ್ಫಿಯಾದಲ್ಲಿ ಎರಡನೆಯ ವರ್ಷ, 2004–05ರಲ್ಲಿ, ಥ್ರೀಗಳನ್ನು ಎಸೆಯಲು ಹಿಂಜರಿಯಬೇಡಿ ಎನ್ನುವ ಕೋಚ್ ಜಿಮ್ ಓಬ್ರಿಯನ್ ಬಂದರು. ಅಲೆನ್ ಐವರ್ಸನ್ ಚೆಂಡು ಹಿಡಿದು ಒಳನುಗ್ಗಿ ಇಡೀ ಡಿಫೆನ್ಸನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದರು, ಹೊರಗೆ ಕೋರ್ವರ್ ಕಾದಿರುತ್ತಿದ್ದರು. ಆ ವರ್ಷ 226 ಥ್ರೀ ಹಾಕಿ, ಕ್ವೆಂಟಿನ್ ರಿಚರ್ಡ್‌ಸನ್ ಜೊತೆ ಸರಿಸಮನಾಗಿ ಲೀಗಿಗೇ ಮೊದಲಿಗರಾದರು. ಡ್ರಾಫ್ಟ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ! ನಾಲ್ಕು ಅಡಿ ಹಿಂದೆ ಸರಿದರೆ ಹುಡುಗ ಏನಾಗುತ್ತಾನೆ ಎಂದು ನಾನು ಮೇಲೆ ಎತ್ತಿದ್ದ ಅನುಮಾನಕ್ಕೆ ಉತ್ತರ ಅಷ್ಟು ಬೇಗ ಸಿಕ್ಕಿತ್ತು. ಆದರೂ 2007ರ ಡಿಸೆಂಬರಿನಲ್ಲಿ ಅವರನ್ನು ಯೂಟಾಕ್ಕೆ ಕಳುಹಿಸಿದರು. ಸಾಕ್ಷ್ಯ ಕಣ್ಣೆದುರಿಗಿದ್ದರೂ ಲೀಗ್ ಅದನ್ನು ಓದಲು ಇನ್ನೂ ಹತ್ತು ವರ್ಷ ತೆಗೆದುಕೊಂಡಿತು ಎನ್ನಬೇಕು.

ಮೊದಲ ಸಾಲಿನ ಪ್ರೇಕ್ಷಕ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮಗಳ ಪಂದ್ಯದಲ್ಲಿ ಮೊದಲ ಬಾರಿಗೆ ಚೆಂಡು ಬಿಟ್ಟು ಡಿಫೆಂಡರ್‌ಗಳ ಪಾದಗಳನ್ನೇ ನೋಡುತ್ತಾ ಕುಳಿತೆ. ಎದುರು ತಂಡದ ಒಬ್ಬ ಹುಡುಗಿ ಎರಡೇ ಥ್ರೀ ಹಾಕಿದಳು, ಆದರೆ ಆಮೇಲೆ ಅವಳನ್ನು ಬಿಟ್ಟು ನಮ್ಮವರು ಯಾರೂ ಅಲುಗಾಡಲಿಲ್ಲ. ಕೊನೆಯದಾಗಿ ಒಂದು ಕುತೂಹಲ: ಕೋರ್ವರ್ ಈಗ ಏನು ಮಾಡುತ್ತಿದ್ದಾರೆ?

ಅಂಕಪಟ್ಟಿ:

ಕೊನೆಯ ಋತು 2019–20, ಮಿಲ್ವಾಕಿಯಲ್ಲಿ, ಮತ್ತೆ ಅದೇ ಬೂಡನ್‌ಹೋಲ್ಜರ್ ಕೈಕೆಳಗೆ. 2021ರಲ್ಲಿ ಆಟಗಾರರಿಗೆ ತರಬೇತಿ ಕೊಡುವ ಕೆಲಸಕ್ಕೆ ಅವರನ್ನು ಕರೆಸಿಕೊಂಡದ್ದು ನೆಟ್ಸ್, 18 ವರ್ಷಗಳ ಹಿಂದೆ ಅವರನ್ನು ಮಾರಿದ್ದ ಅದೇ ಸಂಸ್ಥೆ. 2022ರಲ್ಲಿ ಅಟ್ಲಾಂಟಾಕ್ಕೆ ಹೋಗಿ, ಮರುವರ್ಷ ಅಲ್ಲಿ ಸಹಾಯಕ ಜನರಲ್ ಮ್ಯಾನೇಜರ್ ಆದರು. ಆಟಗಾರರನ್ನು ಕೊಳ್ಳುವ, ಕೊಡುವ ಮೇಜಿನ ಈ ಬದಿಗೆ ಬಂದಂತಾಯಿತು.

ಪಿವಟ್ ಕಾಲು:

ಆ ಜೆರಾಕ್ಸ್ ಯಂತ್ರ ಎಂದೋ ಕೆಟ್ಟುಹೋಯಿತು, ತಾನು ಇನ್ನೂ ಆಡುತ್ತಿದ್ದೇನೆ ಎಂದು ಕೋರ್ವರ್ ತಮಾಷೆ ಮಾಡುತ್ತಿದ್ದರು. ನೆಟ್ಸ್ ತಂಡವೂ 2012ರಲ್ಲಿ ನ್ಯೂಜೆರ್ಸಿ ಬಿಟ್ಟು ಬ್ರೂಕ್ಲಿನ್‌ಗೆ ಮನೆ ಬದಲಿಸಿದ್ದರಿಂದ, ಅಲ್ಲಿ ಕೆಲಸಕ್ಕೆ ಸೇರಿದಾಗ ಅದರ ಮುಖ ನೋಡುವ ಭಾಗ್ಯ ಅವರಿಗಿದ್ದಿರಲಾರದು.